ಕೋರ್ಟ್ ಡಿಕ್ರಿ ಹೊರದೇಶದಲ್ಲಿ ನಡೆಯಬೇಕಾದರೆ

ಮೈಸೂರಿನ ಕೌಟುಂಬಿಕ ನ್ಯಾಯಾಲಯದ ವಿಚ್ಛೇದನ ಡಿಕ್ರಿಯನ್ನೋ ಮಂಡ್ಯದ ಸಿವಿಲ್ ಕೋರ್ಟಿನ ತೀರ್ಪನ್ನೋ ಹೊರದೇಶದಲ್ಲಿ ಹಾಜರುಪಡಿಸಲು ಕೋರ್ಟೇ ಕೊಡುವ ದೃಢೀಕೃತ ನಕಲು ಬೇಕು. ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿಕೊಂಡ ಪ್ರತಿ ನಿಮ್ಮ ಮಾಹಿತಿಗೆ ಮಾತ್ರ. ಜೆರಾಕ್ಸ್ ಮೇಲೆ ನೋಟರಿ ಮೊಹರು ಹಾಕಿಸಿದರೂ ಸಾಲದು.

ನಕಲು ವಿಭಾಗಕ್ಕೆ ಕೊಡುವ ಅರ್ಜಿಯಲ್ಲಿ ಕೇಸ್ ನಂಬರ್, ವರ್ಷ, ಪಕ್ಷಕಾರರ ಹೆಸರು, ತೀರ್ಪಿನ ದಿನಾಂಕ ಬರೆಯಿರಿ. ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಕೊಡುವ 16 ಅಕ್ಷರ-ಅಂಕಿಗಳ ಗುರುತು, ಅಂದರೆ ಸಿಎನ್‌ಆರ್ ಸಂಖ್ಯೆ ಇದ್ದರೆ ಹುಡುಕುವುದು ಸುಲಭ. ತೀರ್ಪು (ಕಾರಣಗಳ ಸಹಿತ ನಿರ್ಣಯ) ಬೇರೆ, ಡಿಕ್ರಿ (ಆ ನಿರ್ಣಯದ ವಿಧ್ಯುಕ್ತ ಆದೇಶ) ಬೇರೆ. ಎರಡನ್ನೂ ಹೆಸರಿಸಿ, ಎರಡೆರಡು ಪ್ರತಿ ಕೇಳಿ. ಹಳೆಯ ಕೇಸಾದರೆ ಕಡತ ರೆಕಾರ್ಡ್ ರೂಮಿನಿಂದ ಬರಬೇಕು, ತಡವಾಗುತ್ತದೆ.

ನಕಲು ಕೈಗೆ ಬಂದಾಗ ಕೌಂಟರ್ ಬಿಡುವ ಮುನ್ನವೇ ಕೊನೆಯ ಪುಟ ನೋಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 75ನೇ ಕಲಮಿನ ಪ್ರಕಾರ (ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 76) ಅಲ್ಲಿ ಇದು ನಿಜವಾದ ನಕಲೆಂಬ ಒಕ್ಕಣೆ, ದಿನಾಂಕ, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಮೊಹರು ಇರಬೇಕು. ಬರೀ ಸಹಿಯಿದ್ದು ಹೆಸರಿಲ್ಲದಿದ್ದರೆ ಅದು ಯಾರ ಸಹಿಯೆಂದು ಮುಂದಿನ ಕಚೇರಿಗೆ ತಿಳಿಯುವುದಿಲ್ಲ, ಕಾಗದ ವಾಪಸ್ ಬರುತ್ತದೆ. ಈ ಒಂದು ಪುಟದ ಬಗ್ಗೆ ದಯವಿಟ್ಟು ಉದಾಸೀನ ಮಾಡಬೇಡಿ: ಅಪೋಸ್ಟಿಲ್ (ದಾಖಲೆ ಹೊರದೇಶದಲ್ಲಿ ನಡೆಯಲೆಂದು ವಿದೇಶಾಂಗ ಸಚಿವಾಲಯ ಕೊಡುವ ದೃಢೀಕರಣ) ಖಾತರಿಪಡಿಸುವುದು ಸಹಿ-ಮೊಹರನ್ನೇ ಹೊರತು ತೀರ್ಪಿನ ಒಳಗಿನ ವಿಷಯವನ್ನಲ್ಲ. ಸ್ಕ್ಯಾನ್ ಮಾಡಲೆಂದು ಪಿನ್ನು, ದಾರ ಬಿಚ್ಚಲೂಬೇಡಿ. ಬಿಚ್ಚಿದರೆ ಹಾಳೆ ಬದಲಾಯಿತೇ ಎಂಬ ಅನುಮಾನ ಹುಟ್ಟುತ್ತದೆ. ಡಿಕ್ರಿಯಲ್ಲಿನ ಹೆಸರನ್ನು ಪಾಸ್‌ಪೋರ್ಟಿನೊಂದಿಗೆ ಹೋಲಿಸಿ. ಕೈತಪ್ಪಿನಿಂದ ಅಕ್ಷರ ತಪ್ಪಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 152ನೇ ಕಲಮಿನಡಿ ಅದೇ ಕೋರ್ಟಿನಲ್ಲಿ ತಿದ್ದುಪಡಿ ಕೇಳಬಹುದು. ಅದನ್ನು ಮುಗಿಸಿಯೇ ಮುಂದಿನ ಹೆಜ್ಜೆ ಇಡಿ.

ನಂತರ ರಾಜ್ಯ ಸರ್ಕಾರದ ನಿಯೋಜಿತ ಅಧಿಕಾರಿಯ ದೃಢೀಕರಣ. ವೈಯಕ್ತಿಕ ದಾಖಲೆಗಳಿಗೆ ಇದು ಸಾಮಾನ್ಯವಾಗಿ ಗೃಹ ಇಲಾಖೆಯಲ್ಲಿ. ಆಮೇಲೆ ಅಧಿಕೃತ ಏಜೆನ್ಸಿಯ ಮೂಲಕ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಸದಸ್ಯ ದೇಶಗಳು ಒಂದರ ಅಪೋಸ್ಟಿಲ್ ಇನ್ನೊಂದು ಒಪ್ಪುವ ಹೇಗ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಯುಎಇ, ಕತಾರ್ ಅದರಲ್ಲಿಲ್ಲ. ಅಲ್ಲಿಗಾದರೆ ಅಪೋಸ್ಟಿಲ್ ಬದಲು ಸಚಿವಾಲಯದ ಅಟೆಸ್ಟೇಷನ್ (ಸಾಮಾನ್ಯ ದೃಢೀಕರಣ) ಆದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಅಪೋಸ್ಟಿಲ್ ಒಪ್ಪುವುದಿಲ್ಲ, ಹಾಗಾಗಿ ಅವರ ದೂತಾವಾಸದ ಕ್ರಮವನ್ನು ಮೊದಲೇ ಕೇಳಿ. ಕನ್ನಡದ ತೀರ್ಪಿಗೆ ಅನುವಾದ ಬೇಕಾದಾಗ ಅದನ್ನು ಮೂಲ ನಕಲಿನ ಜೊತೆಗೇ ಸಲ್ಲಿಸಿ. ಅನುವಾದವೊಂದೇ ಸಾಲುವುದಿಲ್ಲ.

ಹೊರರಾಜ್ಯದಲ್ಲಿ ಡಿಕ್ರಿ ಅಮಲು ಮಾಡಿಸಲು ಅಪೋಸ್ಟಿಲ್ ಬೇಕಿಲ್ಲ. ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಸಿಪಿಸಿ 39ನೇ ಕಲಮಿನಡಿ ಡಿಕ್ರಿಯನ್ನು ಆ ರಾಜ್ಯದ ಕೋರ್ಟಿಗೆ ವರ್ಗಾಯಿಸಲು ಅರ್ಜಿ ಹಾಕಿ. ಡಿಕ್ರಿಯ ನಕಲಿನೊಂದಿಗೆ ಎಷ್ಟು ವಸೂಲಾಗಿದೆ, ಎಷ್ಟು ಬಾಕಿಯಿದೆ ಎಂಬ ಪ್ರಮಾಣಪತ್ರವನ್ನೂ ಡಿಕ್ರಿ ಕೊಟ್ಟ ಕೋರ್ಟೇ ಕಳಿಸಬೇಕು.