ಪೋರ್ಷನ್ ಬಿಡದೆ ಇತಿಹಾಸ ಕಲಿಸಿದ ಬಗೆ

ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಸವಿ, ಬಿರುದುಗಳನ್ನು ಉರು ಹೊಡೆಸುವ ಬದಲು ಆಧಾರಗಳನ್ನು ಪರೀಕ್ಷಿಸಲು ಕಲಿಸೋಣ ಎಂದಾಗ ಶಿಕ್ಷಕರ ಕೊಠಡಿಯಲ್ಲಿ ಸಿಕ್ಕ ಉತ್ತರ: "ಮೊದಲು ಪೋರ್ಷನ್ ಮುಗಿಸಿರಿ ಸರ್, ಸಂಶೋಧನೆ ಆಮೇಲೆ." ವಾದಿಸಿ ಗೆಲ್ಲುವ ಮಾತಲ್ಲ ಅದು. ಪೋರ್ಷನ್ನಿನ ಒಳಗೇ ಜಾಗ ಹುಡುಕಿದೆ.

ಎಂಟನೇ ತರಗತಿಯ ಬಾದಾಮಿ ಚಾಲುಕ್ಯರ ಪಾಠದಲ್ಲಿ ಅರಸರ ಹೆಸರು, ಇಸವಿಗಳನ್ನು ಒಂದೇ ಹಾಳೆಗೆ ಇಳಿಸಿ ಹಂಚಿದೆ. ಉಳಿದ ಅವಧಿಯಲ್ಲಿ ಮಕ್ಕಳ ಮುಂದಿಟ್ಟದ್ದು ಎರಡು ಆಧಾರ: ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಮತ್ತು ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನ ಬರಹ. ಇಮ್ಮಡಿ ಪುಲಿಕೇಶಿಯ ಎದುರು ಹರ್ಷನ ಹರ್ಷ ಅಡಗಿತೆನ್ನುತ್ತದೆ ಶಾಸನ. ಬರೆದವನು ಯಾರು, ಯಾರ ಆಶ್ರಯದಲ್ಲಿದ್ದ, ಏಕೆ ನಂಬಬೇಕು ಎಂದು ಕೇಳಿದೆ.

"ಪುಲಿಕೇಶಿಯ ಕೃಪೆಯಲ್ಲಿದ್ದವನು ಹೊಗಳದೇ ಇರುತ್ತಾನೆಯೇ ಸರ್?" ಎಂದಳು ಒಬ್ಬಳು. ಹರ್ಷನಿಂದ ಸನ್ಮಾನ ಪಡೆದ ಯಾತ್ರಿಕನೂ ಈ ನಾಡು ಹರ್ಷನಿಗೆ ಮಣಿಯಲಿಲ್ಲವೆಂದೇ ಬರೆದಿದ್ದಾನಲ್ಲ ಎಂದೆ. ಗದ್ದಲವೆದ್ದಿತು. (ಪಕ್ಕದ ತರಗತಿಯವರು ಇಣುಕಿ ನೋಡಿದರು; ನೋಡಲಿ.)

ನಿಜವಾಗಿ ಕೆಲಸಕ್ಕೆ ಬಂದದ್ದು ಘಟಕ ಪರೀಕ್ಷೆ. ಅಂಕವಿಲ್ಲದ್ದನ್ನು ಮಕ್ಕಳೂ ಲೆಕ್ಕಕ್ಕಿಡುವುದಿಲ್ಲ. ಒಂದು ಪ್ರಶ್ನೆಯಲ್ಲಿ ಆಧಾರದ ಸಾಲುಗಳನ್ನೇ ಕೊಟ್ಟು 4 ಅಂಕವಿಟ್ಟೆ: ಬರೆದವನ ನಿಲುವು ಗುರುತಿಸಿದರೆ 2, ಇನ್ನೊಂದು ಆಧಾರದೊಡನೆ ಹೋಲಿಸಿದರೆ 2. ಪಾಠಯೋಜನೆಯ ಪ್ರಕಾರ ಪೋರ್ಷನ್ ಮುಗಿದದ್ದರಿಂದ ಮುಖ್ಯೋಪಾಧ್ಯಾಯರು ತಕರಾರು ಎತ್ತಲಿಲ್ಲ. ಸಹೋದ್ಯೋಗಿಗಳಿಗೆ ಇದು ಈಗಲೂ ಬೇಡದ ಉಸಾಬರಿಯೇ. ಆದರೆ ಆ ಒಂದು ಹಾಳೆಯ ಜೆರಾಕ್ಸ್ ಮಾತ್ರ ಎಲ್ಲರಿಗೂ ಬೇಕು.