ತು ತ ತಿ: ಆರನೇ ಕ್ಲಾಸಿನ ಮಣ್ಣಿನ ಸ್ಲೇಟುಗಳು

ತು, ತ, ತಿ. ನು, ನ, ನಿ. ಬು, ಬ, ಬಿ.

ಬೋರ್ಡಿನ ಮೇಲೆ ಇಷ್ಟು ಬರೆದು ತಿರುಗುವಷ್ಟರಲ್ಲಿ ಮಕ್ಕಳು ರಾಗವಾಗಿ ಓದಲು ಶುರು ಮಾಡಿದ್ದರು. ಓದಿ ಅಂತ ನಾನು ಹೇಳಿಯೇ ಇರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮಿಸ್, ಇದು ಕಾಗುಣಿತ ಅಲ್ವಾ? ಯಾಕೆ ಉಲ್ಟಾ ಇದೆ?"

ಹೌದು, ಒಂಥರಾ ಕಾಗುಣಿತವೇ. ಈಗಿನ ಇರಾಕ್ ದೇಶದಲ್ಲಿ ನಿಪ್ಪೂರ್ ಅಂತ ಊರಿತ್ತು. ಸುಮಾರು 3,700 ವರ್ಷಗಳ ಹಿಂದೆ ಅಲ್ಲಿ ಬರೆಯಲು ಕಲಿಯುತ್ತಿದ್ದ ಮಕ್ಕಳು ತಿದ್ದುತ್ತಿದ್ದ ಪಾಠ ಇದು. ತಿದ್ದುತ್ತಿದ್ದದ್ದು ಮರಳಿನ ಮೇಲಲ್ಲ, ಹಸಿ ಮಣ್ಣಿನ ಹಲಗೆಯ ಮೇಲೆ.

ನಾನು ಸಮಾಜ ವಿಜ್ಞಾನದ ಟೀಚರ್. ನಿಪ್ಪೂರ್ ಇದ್ದ ಆ ಸೀಮೆಯ ಹಳೆಯ ಹೆಸರು ಮೆಸೊಪೊಟೇಮಿಯಾ. ಮೊದಲೆಲ್ಲ ಆ ಪಾಠ ಬಂದರೆ ಎರಡು ನದಿ, ಜಿಗುರಾಟ್ ಅನ್ನುವ ಮೆಟ್ಟಿಲು ಗೋಪುರ, ಹಮ್ಮುರಾಬಿ ಅನ್ನುವ ರಾಜ ಅಂತ ನೋಟ್ಸ್ ಬರೆಸಿ ಮುಗಿಸುತ್ತಿದ್ದೆ. ಟೆಸ್ಟ್‌ನಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದರು. ಮರುವರ್ಷ ಕೇಳಿದರೆ ಹಮ್ಮುರಾಬಿ ನದಿಯ ಹೆಸರಾಗಿರುತ್ತಿತ್ತು! ಅದಕ್ಕೇ ಕಳೆದ ವರ್ಷ ರಾಜರನ್ನೆಲ್ಲ ಬದಿಗಿಟ್ಟು, ನಿಮ್ಮ ವಯಸ್ಸಿನ ಹುಡುಗ ಅಲ್ಲಿ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ ಅನ್ನುವುದರಿಂದ ಶುರು ಮಾಡಿದೆ. ಎಲ್ಲ ಹುಡುಗರೂ ಓದಲು ಹೋಗುತ್ತಿರಲಿಲ್ಲ. ಹೆಚ್ಚಿನವರು ಹೊಲಕ್ಕೋ ಕುರಿಯ ಹಿಂದೋ ಹೋಗುತ್ತಿದ್ದರು. ಆದರೆ ಓದಲು ಹೋದವರ ಹೋಂವರ್ಕ್ ಇವತ್ತಿಗೂ ಉಳಿದಿದೆ.

ನಿಪ್ಪೂರಿನಲ್ಲಿ 1950ರ ದಶಕದ ಶುರುವಿನಲ್ಲಿ ಒಂದು ಚಿಕ್ಕ ಮನೆ ಅಗೆದಾಗ ಸುಮಾರು 1,400 ಹಲಗೆ ಮತ್ತು ಹಲಗೆಯ ಚೂರುಗಳು ಸಿಕ್ಕವು. ಅದರಲ್ಲಿ ಬಹುಪಾಲು ವಿದ್ಯಾರ್ಥಿಗಳು ಬರೆದದ್ದು. ಆ ಮನೆಯಲ್ಲಿ ಒಂದು ಮಣ್ಣಿನ ತೊಟ್ಟಿಯೂ ಇತ್ತು. ಬರೆದಾದ ಹಲಗೆಯನ್ನು ಅದರಲ್ಲಿ ನೆನೆಹಾಕಿ, ಕಲಸಿ, ಮತ್ತೆ ಹೊಸ ಹಲಗೆ ತಟ್ಟುತ್ತಿದ್ದರು. ನಾವು ಸ್ಲೇಟು ಒರೆಸುತ್ತಿದ್ದೆವಲ್ಲ, ಹಾಗೆ. ಈ ತೊಟ್ಟಿಯ ವಿಷಯ ಓದಿದ ಮೇಲೆಯೇ ನಮ್ಮ ಸ್ಕೂಲಲ್ಲೂ ಇದನ್ನು ಮಾಡಿಸಬಹುದು ಅನ್ನಿಸಿತು.

ಮೊದಲ ಸಲ ಮಣ್ಣಿನಲ್ಲೇ ಸೋತೆ. ನಮ್ಮದು ಎರೆ ಭೂಮಿ. ಸ್ಕೂಲ್ ಹಿಂದಿನ ಹೊಲದಿಂದ ಒಂದು ಬಕೆಟ್ ತಂದು ಕಲಸಿದೆವು. ಬೆಣ್ಣೆಯ ಹಾಗೆ ಬಂತು. ನನಗೂ ಖುಷಿ, ಮಕ್ಕಳಿಗೂ ಖುಷಿ. ಮಾರನೇ ದಿನ ಬಂದು ನೋಡಿದರೆ ಮೂವತ್ತೆರಡು ಹಲಗೆಯೂ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿದ್ದವು. ಊರಿನ ಕುಂಬಾರರ ಅಜ್ಜ ನೋಡಿ ನಕ್ಕರು. "ಮೇಡಂ, ಎರೆಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಕೆರೆ ಮಣ್ಣು ಕೊಡ್ತೀನಿ, ಸಣ್ಣ ಮರಳು ಸೇರಿಸಿ. ಬಿಸಿಲಲ್ಲಿ ಇಡಬೇಡಿ, ನೆರಳಲ್ಲಿ ಒಣಗಿಸಿ." ಇಷ್ಟೇ ಪಾಠ. ಆಮೇಲೆ ಬಿರಿದದ್ದು ಎರಡೋ ಮೂರೋ.

ಅವರು ಬರೆಯುತ್ತಿದ್ದದ್ದು ಜೊಂಡಿನ ಕಡ್ಡಿಯಿಂದ. ನಮ್ಮ ಕೆರೆಯ ಜೊಂಡು ಮೆತ್ತಗಿತ್ತು, ಒತ್ತಿದರೆ ಮುದುಡುತ್ತಿತ್ತು. ಕೊನೆಗೆ ಐಸ್ ಕ್ಯಾಂಡಿ ಕಡ್ಡಿಯ ತುದಿಯನ್ನು ನಾನೇ ಬ್ಲೇಡಿನಿಂದ ನೇರ ಕತ್ತರಿಸಿ, ಮೂಲೆ ಚೂಪಾಗಿ ಇರುವ ಹಾಗೆ ಮಾಡಿಕೊಟ್ಟೆ. ಕಡ್ಡಿ ಸಿಕ್ಕ ಕೂಡಲೇ ಎಲ್ಲರೂ ಪೆನ್ಸಿಲ್ ಹಿಡಿದ ಹಾಗೆ ಗೀಚಿದರು. ಹಸಿ ಮಣ್ಣಿನ ಮೇಲೆ ಗೀಚಿದರೆ ಗೆರೆಯ ಎರಡೂ ಕಡೆ ಮಣ್ಣು ಎದ್ದು ನಿಲ್ಲುತ್ತದೆ, ಪಕ್ಕದ ಅಕ್ಷರ ಕೆಡುತ್ತದೆ. "ಗೀಚಬೇಡಿ, ಮೂಲೆಯಿಂದ ಒತ್ತಿ ಎತ್ತಿ" ಅಂತ ಹೇಳಿ ಹೇಳಿ ಗಂಟಲು ಹೋಯಿತು. ಒಂದು ಹುಡುಗಿಗೆ ಮಾತ್ರ ತಟ್ಟನೆ ಬಂತು. ಮೂಲೆ ಒತ್ತಿದ ಜಾಗದಲ್ಲಿ ತಲೆ ಅಗಲ, ಬಾಲ ಸಣ್ಣ. ಥೇಟ್ ಕೊಡಲಿಗೆ ಹೊಡೆಯುವ ಬೆಣೆ! ಬೆಣೆಲಿಪಿ ಅಂತ ಯಾಕೆ ಹೆಸರು ಅಂತ ನಾನು ಹೇಳುವುದೇ ಬೇಕಾಗಲಿಲ್ಲ.

ತು-ತ-ತಿ ಚಿಹ್ನೆಗಳು ಕಷ್ಟ, ಅವನ್ನು ಬಾಯಲ್ಲಿ ಹೇಳಿಸಿ ಬಿಟ್ಟೆ. ಬರೆಸಿದ್ದು ಅಂಕಿ. ನೆಟ್ಟಗೆ ನಿಂತ ಬೆಣೆ ಒಂದು. ಮೂಲೆಯಿಂದ ಓರೆಯಾಗಿ ಒತ್ತಿದ ಗುರುತು ಹತ್ತು. ಈ ಎರಡೇ. ಎಲ್ಲರೂ ಅವರವರ ವಯಸ್ಸು ಬರೆದರು: ಒಂದು ಓರೆ, ಒಂದು ನೆಟ್ಟಗೆ, ಹನ್ನೊಂದು. ನನ್ನ ವಯಸ್ಸಿಗೆ ನಾಲ್ಕು ಓರೆ, ಮೂರು ನೆಟ್ಟಗೆ ಬೇಕಾಯಿತು. "ಮಿಸ್, ನಿಮ್ದು ಜಾಸ್ತಿ ಆಯ್ತು" ಅಂದರು.

ಅರವತ್ತು ಬಂದಾಗ ಗಲಾಟೆ ಆಯಿತು. ಅರವತ್ತಕ್ಕೂ ಮತ್ತೆ ಅದೇ ನೆಟ್ಟಗಿನ ಬೆಣೆ. ಎಡಗಡೆಯ ಮನೆಯಲ್ಲಿ ಇದ್ದರೆ ಅರವತ್ತು, ಬಲಗಡೆ ಇದ್ದರೆ ಒಂದು. ಆಗ ಸೊನ್ನೆಯೂ ಇರಲಿಲ್ಲ. "ಹಂಗಾದ್ರೆ ಅಂಗಡಿಯವನು ಒಂದನ್ನ ಅರವತ್ತು ಅಂತ ಮೋಸ ಮಾಡಲ್ವಾ?" ಒಳ್ಳೆ ಪ್ರಶ್ನೆ. ವ್ಯಾಪಾರದ ಲೆಕ್ಕದಲ್ಲಿ ಅಂಕಿಯ ಜೊತೆ ಅಳತೆಯ ಹೆಸರನ್ನೂ ಬರೆಯುತ್ತಿದ್ದರು ಅಂದೆ. ಆಮೇಲೆ ಒಂಬತ್ತರ ಮಗ್ಗಿ ಬರೆಸಿದೆ. ಒಂಬತ್ತೇಳಲ ಅರವತ್ತಮೂರು: ಎಡಗಡೆ ಒಂದು ಬೆಣೆ, ಜಾಗ ಬಿಟ್ಟು ಮೂರು ಬೆಣೆ. ಅವರ ಮಕ್ಕಳೂ ಮಗ್ಗಿ ಬರೆದು ಬಾಯಿಪಾಠ ಮಾಡುತ್ತಿದ್ದರು. ನಮ್ಮ ಗಡಿಯಾರದ ಅರವತ್ತು ನಿಮಿಷವೂ ಆ ಕಡೆಯಿಂದಲೇ ಬಂದದ್ದು ಅಂದಾಗ ಎಲ್ಲರೂ ಗೋಡೆ ಗಡಿಯಾರ ನೋಡಿದರು. ಅದು ನಿಂತು ತಿಂಗಳಾಗಿತ್ತು, ಆ ಮಾತು ಬೇರೆ.

ಹಲಗೆಗಳನ್ನು ನೆರಳಿಗಿಟ್ಟು ಸ್ಕೂಲಿನ ಕಥೆ ಹೇಳಿದೆ. ಅಲ್ಲಿನ ಹಳೆಯ ಭಾಷೆಯಾದ ಸುಮೇರಿಯನ್‌ನಲ್ಲಿ ಶಾಲೆಗೆ 'ಎದುಬ್ಬಾ' ಅನ್ನುತ್ತಿದ್ದರು, ಹಲಗೆ ಮನೆ ಅಂತ ಅರ್ಥ. ಅಲ್ಲಿನ ಒಂದು ಬರಹದಲ್ಲಿ ಹುಡುಗ ತಿಂಗಳ ಲೆಕ್ಕ ಹೇಳುತ್ತಾನೆ: ಮೂರು ದಿನ ರಜೆ, ಮೂರು ದಿನ ಹಬ್ಬ, ಉಳಿದ ಇಪ್ಪತ್ತನಾಲ್ಕು ದಿನ ಸ್ಕೂಲು. ನಮ್ಮವರು ಕೂಡಲೇ ಬೆರಳು ಮಡಚಿ ಲೆಕ್ಕ ಹಾಕಿ, ನಮಗೇ ರಜೆ ಜಾಸ್ತಿ ಅಂತ ಸಮಾಧಾನ ಪಟ್ಟರು. ಇನ್ನೊಂದರಲ್ಲಿ ಹುಡುಗನಿಗೆ ದಿನವಿಡೀ ಏಟು. ಮಾತಾಡಿದ್ದಕ್ಕೆ, ಎದ್ದು ನಿಂತದ್ದಕ್ಕೆ, ಅಕ್ಷರ ಕೆಟ್ಟದಾಗಿದ್ದಕ್ಕೆ, ಸುಮೇರಿಯನ್‌ನಲ್ಲಿ ಮಾತಾಡದೆ ಇದ್ದದ್ದಕ್ಕೆ. ಕೊನೆಗೆ ಅವನ ಅಪ್ಪ ಮೇಷ್ಟ್ರನ್ನು ಮನೆಗೆ ಕರೆದು ಊಟ ಹಾಕಿ, ಹೊಸ ಬಟ್ಟೆ, ಉಂಗುರ ಕೊಟ್ಟ ಮೇಲೆ ಹುಡುಗ ಜಾಣನಾಗಿಬಿಡುತ್ತಾನೆ. ಇದಕ್ಕೆ ಮಕ್ಕಳು ನಕ್ಕಷ್ಟು ಯಾವುದಕ್ಕೂ ನಗಲಿಲ್ಲ.

ಸುಮೇರಿಯನ್ ಆ ಮಕ್ಕಳ ಮನೆಮಾತಲ್ಲ. ಅಷ್ಟು ಹೊತ್ತಿಗೆ ಮನೆಯಲ್ಲಿ ಅಕ್ಕಾಡಿಯನ್, ಸ್ಕೂಲಲ್ಲಿ ಮಾತ್ರ ಸುಮೇರಿಯನ್. ಇದನ್ನು ಹೇಳಿದಾಗ, ಪೇಟೆಯ ಸ್ಕೂಲು ಬಿಟ್ಟು ಆ ವರ್ಷವೇ ನಮ್ಮಲ್ಲಿಗೆ ಸೇರಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಅಲ್ಲೂ ಹಂಗೇನಾ ಮಿಸ್? ನಂಗೆ ಕನ್ನಡ ಮಾತಾಡಿದ್ರೆ ಐದು ರೂಪಾಯಿ ದಂಡ ಹಾಕ್ತಿದ್ರು." ಅಲ್ಲಿ ದುಡ್ಡಿನ ದಂಡ ಇರಲಿಲ್ಲ, ಬೆತ್ತ ಇತ್ತು ಅಂದೆ. ಯಾವುದು ವಾಸಿ ಅಂತ ಅವರವರಲ್ಲೇ ವಾದ ಶುರುವಾಯಿತು, ಬೆಲ್ ಆಗುವವರೆಗೂ ನಡೆಯಿತು.

ಮನೆ, ಊಟದ ವಿಷಯ ಒಂದೇ ಪೀರಿಯಡ್. ಹಸಿ ಇಟ್ಟಿಗೆಯ ಮನೆ, ಅನುಕೂಲಸ್ಥರಲ್ಲಿ ನಡುವೆ ಅಂಗಳ, ನಮ್ಮ ತೊಟ್ಟಿ ಮನೆ ಥರ. ಬಾರ್ಲಿ ರೊಟ್ಟಿ, ಈರುಳ್ಳಿ, ಮೀನು, ಖರ್ಜೂರ. ಕೂಲಿಯನ್ನೂ ಬಾರ್ಲಿಯಲ್ಲೇ ಅಳೆದು ಕೊಡುತ್ತಿದ್ದರು. ಬಿಯರ್ ವಿಷಯ ಮುಚ್ಚಿಡಲಿಲ್ಲ. ಗಡಿಗೆಯ ಸುತ್ತ ಕೂತು ಉದ್ದದ ಕೊಳವೆಯಿಂದ ಹೀರುತ್ತಿದ್ದ ಚಿತ್ರ ತೋರಿಸಿದರೆ, ಎಳನೀರು ಅಂದುಕೊಂಡರು. ಉರ್ ಎಂಬ ಊರಿನಲ್ಲಿ ಸತ್ತವರನ್ನು ಮನೆಯ ನೆಲದ ಕೆಳಗೇ ಹೂಳುತ್ತಿದ್ದರು ಅಂದಾಗ ಮಾತ್ರ ಕ್ಲಾಸು ಗಪ್‌ಚುಪ್.

ಅದೇ ಉರ್‌ನ ಇನ್ನೊಂದು ಹಲಗೆ ಮಕ್ಕಳಿಗೆ ತುಂಬ ಹಿಡಿಸಿತು. ಕ್ರಿ.ಪೂ. 1750ರ ಆಸುಪಾಸಿನದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಂಗೈಯಷ್ಟೇ ದೊಡ್ಡದು. ನನ್ನಿ ಅನ್ನುವವನು ಎಯಾ-ನಾಸಿರ್ ಎಂಬ ವ್ಯಾಪಾರಿಗೆ, ಕಳಪೆ ತಾಮ್ರ ತೋರಿಸಿದೆ, ನನ್ನ ಆಳಿಗೆ ಮರ್ಯಾದೆ ಕೊಡಲಿಲ್ಲ ಅಂತ ಬೈದು ಬರೆಸಿದ ಪತ್ರ. ಪತ್ರದ ಮೊದಲ ಸಾಲೇ "ಇಂಥವನಿಗೆ ಹೇಳು" ಅಂತ. ಬಂದ ಪತ್ರವನ್ನು ಬಲ್ಲವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು ಅಂತ ಇದರಿಂದಲೇ ಗೊತ್ತಾಗುತ್ತದೆ. ನಮ್ಮಜ್ಜಿಗೆ ಪೋಸ್ಟ್‌ಮ್ಯಾನ್ ಓದಿ ಹೇಳುತ್ತಿದ್ದ ಹಾಗೆ. ಮಕ್ಕಳು ಕನ್ನಡದಲ್ಲಿ ಇಂಥದ್ದೇ ಪತ್ರ ಬರೆದರು. ಒಂದೇ ಓವರಿಗೆ ಒಡೆದ ಪ್ಲಾಸ್ಟಿಕ್ ಬಾಲಿನ ಬಗ್ಗೆಯೇ ಏಳು ದೂರು ಬಂದವು.

ಹಲಗೆ ಸುಡುವ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಅವರೂ ಹೆಚ್ಚಾಗಿ ಒಣಗಿಸಿ ಬಿಡುತ್ತಿದ್ದರು, ಸುಡುತ್ತಿರಲಿಲ್ಲ. ಆದರೆ ಕ್ರಿ.ಪೂ. 612ರಲ್ಲಿ ನಿನೆವೆ ಪಟ್ಟಣ ಸುಟ್ಟಾಗ ಅಲ್ಲಿನ ಅರಮನೆಯ ಗ್ರಂಥ ಭಂಡಾರದ ಹಲಗೆಗಳು ಬೆಂದು ಗಟ್ಟಿಯಾದವು. ನಮ್ಮ ತಾಳೆಗರಿಗೆ ಬೆಂಕಿ ಬಿದ್ದರೆ ಬೂದಿ, ಅವರ ಮಣ್ಣಿಗೆ ಬಿದ್ದರೆ ಇಟ್ಟಿಗೆ. ಇದನ್ನು ಕೇಳಿದ ಹುಡುಗನೊಬ್ಬ ಮನೆಗೆ ಹೋಗಿ ತನ್ನ ಹಲಗೆಯನ್ನು ಬಚ್ಚಲ ಒಲೆಗೆ ಹಾಕಿದ. ಒಳಗೆ ಇನ್ನೂ ಹಸಿ ಇತ್ತು. ಢಬ್ ಅಂತ ಸಿಡಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಮಾರನೇ ದಿನ ಅವರಮ್ಮ ಸ್ಕೂಲಿಗೇ ಬಂದರು. ಬೈಸಿಕೊಂಡೆ, ತಪ್ಪು ನನ್ನದೇ. ಮಾಡಿಸುವವರು ಇದನ್ನು ಮೊದಲೇ ಹೇಳಿಬಿಡಿ: ವಾರ ಹತ್ತು ದಿನ ಒಣಗದೆ ಬೆಂಕಿಯ ಹತ್ತಿರವೂ ಬೇಡ, ಮನೆಯ ಒಲೆ ಬೇಡವೇ ಬೇಡ.

ಆ ಹುಡುಗ ಇನ್ನೊಂದು ಮಾಡಿದ. ಅದನ್ನು, ಇನ್ನು ಎಂಟು ಹಲಗೆಗಳನ್ನು ಕುಂಬಾರರ ಅಜ್ಜ ತಮ್ಮ ಗಡಿಗೆಗಳ ಜೊತೆ ಆವಿಗೆಯಲ್ಲಿಟ್ಟು ಸುಟ್ಟುಕೊಟ್ಟರು. ಅವನದು ನನ್ನ ಮೇಜಿನ ಮೇಲಿದೆ, ಒಂದು ಓರೆ, ಒಂದು ನೆಟ್ಟಗೆ. ಮೊನ್ನೆ ಏಳನೇ ಕ್ಲಾಸಿನಿಂದ ಬಂದು, "ಮಿಸ್, ನಂಗೀಗ ಹನ್ನೆರಡು, ಇನ್ನೊಂದು ಬೆಣೆ ಹಾಕಬೇಕು" ಅಂದ. ಕಡ್ಡಿ ತಗೊಂಡು ಒತ್ತಿಯೂ ನೋಡಿದ. ಸುಟ್ಟ ಮಣ್ಣು, ಎಲ್ಲಿ ಒತ್ತುತ್ತೆ? ತೊಟ್ಟಿಯಲ್ಲಿ ಮಣ್ಣು ನೆನೆದಿದೆ, ಹೊಸದು ತಟ್ಟಿಕೋ ಹೋಗು ಅಂದೆ.