ರಸ್ಸೋಲ್ನಿಕ್: ಹುಳಿ ಕೊನೆಗೆ ಬೀಳಬೇಕು

ರಷ್ಯನ್ ಭಾಷೆಯಲ್ಲಿ ‘ರಸ್ಸೋಲ್’ ಎಂದರೆ ಉಪ್ಪುನೀರು. ಅದರಲ್ಲಿ ಹುಳಿಸಿದ ಸೌತೆಕಾಯಿಯೂ ಆ ನೀರೂ ಬೀಳುವ ಸೂಪು ರಸ್ಸೋಲ್ನಿಕ್. ಲೆನಿನ್‌ಗ್ರಾಡ್ ಬಗೆಯದಕ್ಕೆ ಬಾರ್ಲಿ ಬೇಕು. ಮಾಸ್ಕೋ ಬಗೆಯದರಲ್ಲಿ ಕಾಳೇ ಇಲ್ಲ. ಪಾರ್ಸ್ಲಿ, ಪಾರ್ಸ್ನಿಪ್ ಬೇರು ಹಾಕಿ ಕೊನೆಗೆ ಮೊಟ್ಟೆಯ ಹಳದಿ ಮತ್ತು ಹಾಲು ಕೂಡಿಸುತ್ತಾರೆ. ದನದ ಮೂತ್ರಪಿಂಡ ಹಾಕುವುದು ಹಳೆಯ ಕ್ರಮ, ಆದರೆ ಮನೆಗಳಲ್ಲಿ ಕೋಳಿಯದೂ ಮಾಮೂಲು. ನಾನು ಮಾಡುವುದು ಕೋಳಿ ಮತ್ತು ಬಾರ್ಲಿಯದು. ಕೋಳಿಗೆ ಅಕ್ಕಿಯೇ ಸರಿ ಎನ್ನುವವರಿದ್ದಾರೆ; ನನಗೆ ಹಲ್ಲಿಗೆ ಸಿಗುವ ಬಾರ್ಲಿಯೇ ಇಷ್ಟ.

ಮೊದಲು ಸೌತೆಕಾಯಿಯ ಮಾತು. ಅಂಗಡಿಯ ಬಾಟಲಿಯಲ್ಲಿ ಸಿಗುವುದು ಬಹುಪಾಲು ವಿನೆಗರ್‌ನದು, ಸಕ್ಕರೆಯನ್ನೂ ಹಾಕಿರುತ್ತಾರೆ. ಆ ನೀರನ್ನು ಸೂಪಿಗೆ ಸುರಿದರೆ ಮೂಗಿಗೆ ಹೊಡೆಯುವ ಘಾಟು, ಹಿಂದೆಯೇ ಸಿಹಿ. ಬೇಕಾದದ್ದು ಬರೀ ಉಪ್ಪುನೀರಲ್ಲಿ ತಾನಾಗಿ ಹುಳಿ ಬಂದ ಕಾಯಿ. ಉಪ್ಪಿನಕಾಯಿ ಅಂದಕೂಡಲೇ ನಮಗೆ ಖಾರ, ಸಾಸಿವೆ ನೆನಪಾಗುತ್ತದೆ. ಇದರಲ್ಲಿ ಅವೆರಡೂ ಇಲ್ಲ. ಮಿಡಿಸೌತೆ ಕರ್ನಾಟಕದಲ್ಲಿ 1990ರ ದಶಕದ ಆರಂಭದಿಂದ ರಫ್ತಿಗೆಂದೇ ಬೆಳೆಯುವ ಬೆಳೆ, ರಷ್ಯಾಕ್ಕೂ ಹೋಗುತ್ತದೆ. ತಾಜಾ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಬೀಜ ಬಲಿಯದ, ಬೆರಳುದ್ದದ ಎಳೆ ಸೌತೆ ಸಾಕು. ಕಹಿ ಕಾಯಿ ಹುಳಿಸಿದ ಮೇಲೂ ಕಹಿಯೇ, ತುದಿ ಕಚ್ಚಿ ನೋಡಿಯೇ ಹಾಕಬೇಕು.

ಒಂದು ಕಿಲೋ ಕಾಯಿಗೆ ಒಂದು ಲೀಟರ್ ನೀರು, 60 ಗ್ರಾಂ ಉಪ್ಪು. ಜೊತೆಗೆ ಸಬ್ಬಸಿಗೆ, ಐದಾರು ಎಸಳು ಬೆಳ್ಳುಳ್ಳಿ, ಹತ್ತು ಕಾಳುಮೆಣಸು. ರಷ್ಯಾದಲ್ಲಿ ಓಕ್, ಚೆರ್ರಿ, ಕಪ್ಪು ಕರಂಟ್ ಎಲೆ ಹಾಕುತ್ತಾರೆ, ಅವುಗಳ ಒಗರು ಕಾಯಿಯನ್ನು ಗಟ್ಟಿಯಾಗಿಡುತ್ತದೆ. ನಾನು ಅರ್ಧ ಚಮಚ ಚಹಾಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕುತ್ತೇನೆ. ಹೂವಿದ್ದ ಕಡೆಯ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆಯಬೇಕು. ಕಾಯಿಯನ್ನು ಮೆತ್ತಗಾಗಿಸುವ ಕಿಣ್ವ ಅಲ್ಲಿರುತ್ತದೆ. ಕಾಯಿ ನೀರಿನಿಂದ ಮೇಲೇಳದಂತೆ ಮೇಲೊಂದು ಭಾರ ಇಡಬೇಕು. ಬೆಂಗಳೂರಿನ ಹವೆಗೆ ನಾಲ್ಕೈದು ದಿನ ಬೇಕು, ಕರಾವಳಿಯ ಸೆಕೆಗೆ ಮೂರೇ ದಿನ, ಆಮೇಲೆ ಫ್ರಿಜ್. ನೀರು ಮಬ್ಬಾದರೆ ಸರಿಯಾದ ದಾರಿಯಲ್ಲಿದೆ ಅಂತ ಅರ್ಥ. ಮೇಲೆ ತೆಳು ಬಿಳಿ ಕೆನೆ ಕಟ್ಟಿದರೆ ತೆಗೆದುಹಾಕಿದರೆ ಆಯಿತು. ಆದರೆ ರೋಮರೋಮದ ಬೂಷ್ಟು, ಗುಲಾಬಿ ಬಣ್ಣ ಅಥವಾ ಕೆಟ್ಟ ವಾಸನೆ ಬಂದರೆ ಜಾಡಿ ಪೂರ್ತಿ ಚೆಲ್ಲಿ.

ಸೂಪಿಗೆ, ಆರೇಳು ಜನಕ್ಕೆ: ಒಂದು ಕಿಲೋ ಕೋಳಿ (ಮೂಳೆ ಸಮೇತ), ಎರಡೂ ಮುಕ್ಕಾಲು ಲೀಟರ್ ನೀರು, 80 ಗ್ರಾಂ ಬಾರ್ಲಿ, 350 ಗ್ರಾಂ ಆಲೂಗಡ್ಡೆ, ಒಂದು ಕ್ಯಾರೆಟ್, ಎರಡು ಸಣ್ಣ ಈರುಳ್ಳಿ, 300 ಗ್ರಾಂ ಹುಳಿಸೌತೆ, ಅದರ ನೀರು 200 ಮಿಲಿ, ಬಿರಿಯಾನಿ ಎಲೆ, ಕಾಳುಮೆಣಸು.

ಕೋಳಿಯನ್ನು ತಣ್ಣೀರಲ್ಲೇ ಹಾಕಿ ತೆರೆದ ಪಾತ್ರೆಯಲ್ಲಿ ಕುದಿಸಿ, ನೊರೆ ತೆಗೆದು ಉರಿ ಸಣ್ಣ ಮಾಡಬೇಕು. ಕುಕ್ಕರ್‌ನಲ್ಲಿ ಕೂಗಿಸಿದರೆ ಸಾರು ಮಬ್ಬಾಗುತ್ತದೆ. ಬ್ರಾಯ್ಲರ್‌ಗೆ ಮುಕ್ಕಾಲು ಗಂಟೆ, ನಾಟಿ ಕೋಳಿಗೆ ಎರಡು ಗಂಟೆಯಾದರೂ ಬೇಕು, ರುಚಿಯೂ ಅದರದ್ದೇ. ಗುಂಡಿಗೆ, ಜಠರ ಸೇರಿಸಿದರೆ ಇನ್ನೂ ಒಳ್ಳೆಯದು. ಈಲಿ ಮಾತ್ರ ಬೇಡ, ಸಾರು ಕಲಕಿ ಕಹಿಯಾಗುತ್ತದೆ. ಈ ಹಂತದಲ್ಲಿ ಉಪ್ಪು ಹಾಕಕೂಡದು. ಲೆಕ್ಕ ನೋಡಿ: ಹುಳಿ ಬಂದ ಹೊತ್ತಿಗೆ ಕಾಯಿಯಲ್ಲೂ ನೀರಲ್ಲೂ ಉಪ್ಪು ಸುಮಾರು ನೂರಕ್ಕೆ ಮೂರು ಪಾಲು. 300 ಗ್ರಾಂ ಕಾಯಿಂದ 9, ನೀರಿಂದ 6, ಒಟ್ಟು 15 ಗ್ರಾಂ ಪಾತ್ರೆಗೆ ಬಂದೇ ಬರುತ್ತದೆ.

ಬಾರ್ಲಿಯನ್ನು ಎರಡು ಗಂಟೆ ನೆನೆಸಿ ಬೇರೆ ಪಾತ್ರೆಯಲ್ಲಿ ಬೇಯಿಸಿ, ಗಂಜಿ ಬಸಿದು, ತಣ್ಣೀರಲ್ಲಿ ತೊಳೆಯಬೇಕು. ಸಾರಿನಲ್ಲೇ ಬೇಯಿಸಿದರೆ ಬೂದಿ ಬಣ್ಣದ ಲೋಳೆ. ಬಾರ್ಲಿಗೆ ಕುಕ್ಕರ್ ನಡೆಯುತ್ತದೆ, ಅಲ್ಲಿ ತಿಳಿ ಸಾರಿನ ಚಿಂತೆಯಿಲ್ಲ. 80 ಗ್ರಾಂ ಕಡಿಮೆ ಅನ್ನಿಸುತ್ತದೆ. ಕೈ ಬಿಗಿ ಹಿಡಿಯದಿದ್ದರೆ ಮಾರನೆಯ ದಿನ ಸೌಟು ನೆಟ್ಟಗೆ ನಿಲ್ಲುವ ಉಪ್ಪಿಟ್ಟಾಗಿರುತ್ತದೆ.

ಹುಳಿಸೌತೆಯ ಸಿಪ್ಪೆ ದಪ್ಪವಿದ್ದರೆ ತೆಗೆದು, ತಿರುಳನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಬೇಕು. ಬಾಣಲೆಯಲ್ಲಿ ಒಂದು ಸೌಟು ಸಾರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿದರೆ ಬಿರುಸು ಹೋಗಿ ಬಣ್ಣ ಆಲಿವ್ ಹಸಿರಿಗೆ ತಿರುಗುತ್ತದೆ. ಇನ್ನೊಂದು ಒಲೆಯಲ್ಲಿ ಈರುಳ್ಳಿ, ಕ್ಯಾರೆಟ್ಟನ್ನು ಬೆಣ್ಣೆಯಲ್ಲಿ ಕೆಂಪಾಗದಂತೆ ಬಾಡಿಸಿಕೊಳ್ಳಿ. ಇಲ್ಲಿ ಶುಂಠಿ-ಬೆಳ್ಳುಳ್ಳಿ ಪೇಸ್ಟಿನ ಕಡೆಗೆ ಕೈ ಹೋಗುತ್ತದೆ, ತಡೆಯಿರಿ. ಟೊಮೆಟೊ ಹಾಕುವವರಿದ್ದಾರೆ, ನನ್ನ ನಾಲಿಗೆಗೆ ಆಗ ಅದು ಸೋಲ್ಯಾಂಕಾ ಎಂಬ ಇನ್ನೊಂದು ಹುಳಿಯಾದ ರಷ್ಯನ್ ಸೂಪಿನ ಕಡೆ ಜಾರುತ್ತದೆ.

ಈಗ ಮುಖ್ಯ ಹಂತ. ಮಾಂಸ ತೆಗೆದು ಬಿಡಿಸಿಟ್ಟು, ಸೋಸಿದ ಸಾರಿಗೆ ಆಲೂಗಡ್ಡೆ ಹೋಳು ಹಾಕಿ ಪೂರ್ತಿ ಬೇಯಿಸಿ. ಚಾಕು ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಅಲ್ಲಿಯವರೆಗೆ ಹುಳಿಯ ಒಂದು ಹನಿಯೂ ಬೀಳಬಾರದು. ಹುಳಿ ಬಿದ್ದಲ್ಲಿ ಆಲೂಗಡ್ಡೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಕರಗುವುದಿಲ್ಲ; ಮತ್ತೆ ಅರ್ಧ ಗಂಟೆ ಕುದಿಸಿದರೂ ಹೋಳು ಹೊರಗೆ ಗಾಜಿನಂತೆ ನುಣುಪು, ಕಚ್ಚಿದರೆ ಕರಕರ. ಆಮೇಲೆ ಅದಕ್ಕೆ ಮದ್ದಿಲ್ಲ.

ಆಲೂಗಡ್ಡೆ ಬೆಂದ ಮೇಲೆ ಬಾರ್ಲಿ, ಬಾಡಿಸಿದ್ದು, ಸೌತೆ, ಮಾಂಸ, ಬಿರಿಯಾನಿ ಎಲೆ ಹಾಕಿ ಐದು ನಿಮಿಷ ಕುದಿಸಿ. ಉಪ್ಪುನೀರನ್ನು ಬೇರೆಯಾಗಿ ಒಂದು ಕುದಿ ಬರಿಸಿ, ನೊರೆ ತೆಗೆದು, 100 ಮಿಲಿ ಹಾಕಿ ರುಚಿ ನೋಡಿ, ಉಳಿದದ್ದು ಸ್ವಲ್ಪಸ್ವಲ್ಪವೇ. ಉಪ್ಪು ಸಾಲದಿದ್ದರೆ ಆಗ ಸೇರಿಸಿ. ಹುಳಿ ಹೆಚ್ಚಾದರೆ ನೀರು ಹೊಯ್ಯುವ ಬದಲು ಎತ್ತಿಟ್ಟ ಸಪ್ಪೆ ಸಾರು ಹಾಕಿ. ಒಂದು ಬಟ್ಟಲು ಸಾರನ್ನು ಮೊದಲೇ ಪಕ್ಕಕ್ಕೆ ತೆಗೆದಿಡುವುದು ಇದಕ್ಕೇ. ವಿನೆಗರ್ ಕಾಯಿಯೇ ಗತಿಯಾದರೆ ಅದರ ನೀರು ಬಿಟ್ಟು ಕಾಯಿಯನ್ನಷ್ಟೇ ತೊಳೆದು ಹಾಕಬೇಕು.

ಉರಿ ಆರಿಸಿ, ಮುಚ್ಚಿ, ಇಪ್ಪತ್ತು ನಿಮಿಷ ಬಿಡಿ. ಬಡಿಸುವಾಗ ಮೇಲೆ ಹಾಕುವ ಸ್ಮೆತಾನಾ (ರಷ್ಯನ್ನರ ಹುಳಿಗೆನೆ) ಇಲ್ಲದಿದ್ದರೆ ಕಟ್ಟಿಟ್ಟ ಗಟ್ಟಿ ಮೊಸರು ಎರಡು ಪಾಲು, ತಾಜಾ ಕೆನೆ ಒಂದು ಪಾಲು ಕಲಸಿಕೊಳ್ಳಬಹುದು. ಅದು ಬಡಿಸಿದ ಬಟ್ಟಲಿಗೆ ಮಾತ್ರ, ಕುದಿವ ಪಾತ್ರೆಗೆ ಬಿದ್ದರೆ ಒಡೆಯುತ್ತದೆ. ಮೇಲೆ ಹೆಚ್ಚಿದ ಸಬ್ಬಸಿಗೆ, ಪಕ್ಕಕ್ಕೆ ರೈ ಬ್ರೆಡ್. ಮಾರನೆಯ ದಿನ ರುಚಿ ಇನ್ನೂ ಕೂಡಿಬರುತ್ತದೆ, ಆದರೆ ಬಾರ್ಲಿ ನೀರು ಕುಡಿದಿರುತ್ತದೆ. ಹಾಗಾಗಿ ಉಳಿಸುವ ಯೋಚನೆಯಿದ್ದರೆ ಬೆಂದ ಬಾರ್ಲಿಯನ್ನು ಡಬ್ಬಿಯಲ್ಲಿ ಬೇರೆಯಾಗಿಟ್ಟು, ಬಿಸಿ ಮಾಡುವಾಗ ಬಟ್ಟಲಿಗೆ ಎರಡು ಚಮಚದಂತೆ ಹಾಕಿಕೊಳ್ಳಿ.